ಪ್ರಹ್ಲಾದ್ ಹೇಳುತ್ತಿದ್ದ ಆಟ

ವಿಶ್ವಾಸ್ ಕೈಯಿಂದ ಫೋನು ಕಿತ್ತುಕೊಂಡು ಇಂದುಮತಿ ತಾವೇ ಕಿವಿಗೆ ಹಿಡಿದರು. ಗಂಡನ ನಂಬರಿಗೆ ಮಾಡಿದ ಕರೆ ರಿಂಗಾಗಿ ರಿಂಗಾಗಿ, ಕೊನೆಗೆ ಯಾವುದೋ ಹೆಣ್ಣುದನಿ ಇಂಗ್ಲಿಷಿನಲ್ಲಿ ಸಂದೇಶ ಬಿಡಿ ಎಂದಿತು.

"ಇದರಲ್ಲೂ ಅವರಿಲ್ಲ."

"ಅಂಕಲ್ ತಮ್ಮ ದನೀಲಿ ಅದನ್ನ ಸೆಟ್ ಮಾಡೇ ಇರ್ಲಿಲ್ಲ ಆಂಟಿ," ಎಂದ ವಿಶ್ವಾಸ್. ಕಾಪೆಲ್‌ನಲ್ಲಿ ಇವರ ಪಕ್ಕದ ಮನೆಯವನು. ಹೂವು, ಪುರೋಹಿತರು, ಶವಸಂಸ್ಕಾರ ನಡೆಸುವ ಫ್ಯೂನರಲ್ ಹೋಮಿನ ಏರ್ಪಾಡು, ಎಲ್ಲ ಬೆಳಿಗ್ಗೆಯಿಂದ ಅವನದೇ ಓಡಾಟ.

ಮಂತ್ರ ಮುಗಿದಿತ್ತು. ಪೆಟ್ಟಿಗೆಯಲ್ಲಿ ಪ್ರಹ್ಲಾದ್ ಬಿಳಿ ಪಂಚೆಯುಟ್ಟು ಮಲಗಿದ್ದರು. ಕುತ್ತಿಗೆಯ ತೂತು ಕಾಣದಂತೆ ಯಾರೋ ತುಳಸಿ ಮಾಲೆ ಮೇಲಕ್ಕೆಳೆದಿದ್ದರು. ಒಳಗಿನ ಕೋಣೆಯಲ್ಲಿ, ಕುಲುಮೆ ಹೊತ್ತಿಸಲು ಮಗಳು ಹರ್ಷಿಣಿ ಒತ್ತಬೇಕಾದ ಬಟನ್ನು ಕಾಯುತ್ತಿತ್ತು.

"ಗಂಟಲಿಗೆ ಆ ಕೊಳವೆ ಹಾಕಿ ಮಾತು ನಿಂತ್ಮೇಲೆ ಬರ್ತಿತ್ತಲ್ಲ ಸೀಟಿ ಥರ ಸದ್ದು, ಅದೇ ಕಿವೀಲಿ ಕೂತ್ಬಿಟ್ಟಿದೆ ವಿಜಯಾ," ಇಂದುಮತಿ ಗೆಳತಿಯ ಕೈ ಹಿಡಿದರು. "ಮುಂಚೆ ಹೇಗೆ ಮಾತಾಡ್ತಿದ್ರು ಅಂತ ನೆನೆಸ್ಕೊಂಡ್ರೆ ಅದೇ ಕೇಳತ್ತೆ. ಬಟನ್ ಒತ್ತೋ ಮುಂಚೆ ಒಂದೇ ಒಂದು ಸಲ ಅವರ ದನಿ ಕೇಳಿಸಿ. ಇಲ್ಲದಿದ್ರೆ ಆ ಸೀಟಿ ಜೊತೆಗೇ ನಾನು ಸಾಯಬೇಕು."

ವಿಜಯಾ ಹ್ಯೂಸ್ಟನ್ನಿನ ಸೈಪ್ರೆಸ್‌ನಿಂದ ನಸುಕಿನಲ್ಲೇ ಹೊರಟು ಬಂದಿದ್ದರು. "ನಮ್ಮತ್ತೆ ದಿನಾ ಫೋನಲ್ಲಿ ಇವರು ಹೇಳೋ ಆಟ ಕೇಳ್ತಿದ್ರಲ್ಲ, ಅವರ ಫೋನನ್ನೂ ಜಾಲಾಡ್ದೆ. ಇಲ್ಲ ಕಣೆ. ವಿಶ್ವಾಸ್ ರೆಕಾರ್ಡ್ ಮಾಡ್ತಿರ್ತಾನೆ ಅಂದ್ಕೊಂಡಿದ್ವಿ."

"ಅಂಕಲ್ಲೇ ಮಾಡ್ಕೋತಾರೆ ಅಂದ್ಕೊಂಡೆ ನಾನು."

ಹರ್ಷಿಣಿಯ ಫೋನಿನಲ್ಲಿ ಇದ್ದದ್ದು ಬರೀ ಫೋಟೋ. ಇಂದುಮತಿಯ ಮದುವೆಯ ವಿಡಿಯೋದಲ್ಲಿ ಪ್ರಹ್ಲಾದ್ ಬಾಯಿ ಬಿಡುವ ಹೊತ್ತಿಗೆಲ್ಲ ಊರಿನ ಸ್ಟುಡಿಯೋದವನು ಸಿನಿಮಾ ಹಾಡು ತುಂಬಿಸಿಟ್ಟಿದ್ದ.

ಅಷ್ಟರಲ್ಲಿ ವಿಶ್ವಾಸ್ ಫೋನು ಬಡಿದುಕೊಂಡಿತು. ಲಿಯಾಂಡರ್‌ನಿಂದ ಹೊರಟ ಹಾಲಪ್ಪನವರು. ಅವನು ಫೋನನ್ನು ಇಂದುಮತಿಗೆ ಕೊಟ್ಟ.

"ತಂಗಿ, ಅಳಿಯ ಗಾಡಿ ಓಡಸಾಕತ್ತಾನ. ಅರ್ಧ ದಾರಿ ದಾಟೀವಿ. ಯಾರೋ ಅಂದ್ರು, ಧ್ವನಿ ಹುಡುಕಾಕತ್ತೀರಂತ. ನನ್ನ ಫೋನಿನಾಗ ಐತಿ. ಮೊಮ್ಮಗಳು ಏನೋ ಹಾಕಿಕೊಟ್ಟಿದ್ಲು, ಒಂದು ಪೂರಾ ಆಟ ಹಿಡದಿಟ್ಟೇನಿ."

"ಚೆನ್ನಾಗಿ ಕೇಳತ್ತಾ ಅಣ್ಣ?"

"ನಾ ಹಚ್ಚಿ ಕೇಳಿಲ್ಲವ್ವ. ಮರುದಿನ ಮತ್ತ ಅವರೇ ಬರತಿದ್ರಲ್ಲ."

"ನೀವು ಬರೋ ತನಕ ಇವರನ್ನ ಕಳಿಸಲ್ಲ," ಎಂದರು ಇಂದುಮತಿ.

*

ಶುರುವಾದದ್ದೇ ಹಾಲಪ್ಪನವರಿಂದ. ಗದಗದಿಂದ ಮಗಳ ಮನೆಗೆ ಬಂದವರನ್ನು ಅಳಿಯ ಆರ್ಲಿಂಗ್ಟನ್ನಿಗೆ ಬೇಸ್‌ಬಾಲ್ ತೋರಿಸಲು ಕರೆತಂದಿದ್ದ. "ಇದ್ಯಾವ ಆಟೋ ಶಿವನ" ಎಂದು ಮುಂದಿನ ಸಾಲಿನಲ್ಲಿ ಅವರು ಗೊಣಗಿದ್ದು ಪ್ರಹ್ಲಾದರ ಕಿವಿಗೆ ಬಿತ್ತು. ಬಗ್ಗಿ, ಹೇಳಲು ಕೂತರು. ಮರುದಿನ ಲಿಯಾಂಡರ್‌ನಿಂದ ಫೋನು: "ಇವತ್ತೂ ಐತೇನ್ರಿ ಆಟ?"

ಆಮೇಲೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ವಿಶ್ವಾಸ್ ಎಲ್ಲರೂ ಒಟ್ಟಿಗೆ ಸೇರುವ ಲೈನು ಮಾಡಿಕೊಟ್ಟ. ಮಕ್ಕಳ ಮನೆಗೆ ಬಂದಿದ್ದ, ಕಾರು ಓಡಿಸಲು ಬಾರದ ಅಪ್ಪ ಅಮ್ಮಂದಿರು ಸಂಜೆಯಾದರೆ ಫೋನು ಹಿಡಿದು ಕೂರುತ್ತಿದ್ದರು. ಆಫೀಸಿನಿಂದ ಬಂದ ಪ್ರಹ್ಲಾದ್ ಷೂ ಕೂಡ ಬಿಚ್ಚದೆ ಟೀವಿಯ ಮುಂದೆ ಕೂತು ಆಟ ಹೇಳುತ್ತಿದ್ದರು.

"ಬಂದ ನೋಡಿ ಎಸೆಯೋನು. ಟೋಪಿ ಮುಟ್ಟಿದ, ಮೂಗು ಮುಟ್ಟಿದ, ಭುಜ ಮುಟ್ಟಿದ. ಸಂಧ್ಯಾವಂದನೆ ಮುಗಿಸ್ಕೊಂಡೇ ಎಸೀತಾನೆ ಅಂತ ಕಾಣತ್ತೆ."

"ನಮ್ಮಾಂವ ಹೊಡಿತಾನೇನ್ರಿ?"

"ಹೊಡೆದ. ಹೋಯ್ತು, ಹೋಯ್ತು, ಹೋಯ್ತು... ಇಲ್ಲ ಹಾಲಪ್ಪನವರೇ, ಬೇಲಿ ಹತ್ರ ಹಿಡಿದ್ಬಿಟ್ಟ. ಹೋಗ್ಲಿ ಬಿಡಿ, ಅವನ ತಾಯಿನೂ ಟೀವಿ ನೋಡ್ತಿರ್ತಾಳೆ."

ಅಡುಗೆಮನೆಯಲ್ಲಿದ್ದ ಇಂದುಮತಿಗೆ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಆದರೆ ಗೆದ್ದರೋ ಸೋತರೋ ಎಂಬುದು ಗೋಡೆಯಾಚೆಯಿಂದಲೇ ಗೊತ್ತಾಗುತ್ತಿತ್ತು. ಗೆಲ್ಲುವ ದಿನ ಗಂಡನ ಮಾತು ನಿಧಾನವಾಗುತ್ತಿತ್ತು. ಸೋಲುವ ದಿನ ತಮಾಷೆ ಹೆಚ್ಚುತ್ತಿತ್ತು.

*

ಫ್ಯೂನರಲ್ ಹೋಮಿನ ಸೂಟುಧಾರಿ ಎರಡನೇ ಸಲ ಬಂದು, ಶುರುಮಾಡಬಹುದೇ ಎಂದು ಮೆಲ್ಲನೆ ಕೇಳಿದ. ಹೊರಗೆ ಇನ್ನೊಂದು ಸಂಸಾರ ಕಾರುಗಳಲ್ಲಿ ಕಾಯುತ್ತಿತ್ತು.

"ಮಾಮ್, ಪ್ಲೀಸ್. ದೇ ಹ್ಯಾವ್ ಬೀನ್ ಸೋ ನೈಸ್ ಟು ಅಸ್."

"ಕೇಳ್ಕೋ ಪುಟ್ಟಿ. ಇನ್ನು ಸ್ವಲ್ಪ ಹೊತ್ತು ಅಂತ ಕಾಲಿಗೆ ಬಿದ್ದು ಕೇಳ್ಕೋ."

ಹರ್ಷಿಣಿ ಹೋಗಿ ಕೇಳಿಕೊಂಡಳು. ಅವನು ತಲೆಯಾಡಿಸಿ ಬಾಗಿಲೆಳೆದುಕೊಂಡ.

ಹಾಲಪ್ಪನವರು ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಕಾರ್ಪೆಟ್ಟಿನ ಮೇಲೆ ಓಡುತ್ತಲೇ ಬಂದರು. ಪೆಟ್ಟಿಗೆಯತ್ತ ನೋಡಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ವಿಶ್ವಾಸನಿಗೆ ಕೊಟ್ಟರು. ಅವನು ಹುಡುಕಿ, ಒತ್ತಿ, ಇಂದುಮತಿಯ ಮಡಿಲಲ್ಲಿಟ್ಟ.

"ಹೂಂ," ಎಂದಿತು ಫೋನು. ಹಾಲಪ್ಪನವರ ದನಿ.

ಆಮೇಲೆ ಏನೂ ಇಲ್ಲ.

"ಎಡಗೈಯಾಂವ ಅದಾನೇನ್ರಿ?"

ಏನೂ ಇಲ್ಲ. ಮತ್ತೆ ಹಾಲಪ್ಪನವರದೇ ನಗು, ಹೊಟ್ಟೆ ಹಿಡಿದು ನಕ್ಕಂಥದು. "ಏ, ಸಾಕ್ರಿ ನಿಮ್ಮ ಚ್ಯಾಷ್ಟಿ."

ವಿಶ್ವಾಸ್ ವಾಲ್ಯೂಮು ಪೂರ್ತಿ ಏರಿಸಿದ. ಮುಂದಕ್ಕೆ ಎಳೆದ. ಇನ್ನೂ ಮುಂದಕ್ಕೆ ಎಳೆದ. "ಇದು ಈ ಕಡೆಯೋರ ಮಾತು ಮಾತ್ರ ಹಿಡಿದಿದೆ ಆಂಟಿ. ಆ ಕಡೇದು..."

"ಬರತೈತಿ, ತಡೀರಿ," ಎಂದರು ಹಾಲಪ್ಪ. "ಮುಂದ ಬರತೈತಿ. ಅವರು ಸುಮ್ಮನ ಕೂಡೂ ಮನುಷ್ಯಾನ ಅಲ್ಲ." ಆಮೇಲೆ ಅವರಿಗೂ ಅರ್ಥವಾಗಿ ಕುರ್ಚಿಯ ಬೆನ್ನು ಹಿಡಿದು ನಿಂತರು.

"ಮತ್ತ ಮೊದಲಿಂದ ಹಚ್ಚಲೇನ್ರಿ?" ಹಿಂದೆಯೇ ಬಂದಿದ್ದ ಅಳಿಯ ಕೇಳಿದ.

ಇಂದುಮತಿ ತಾವೇ ಮೊದಲಿನಿಂದ ಹಚ್ಚಿದರು. ಹಾಲಪ್ಪನವರ ದನಿ ಬಂದಾಗ ತಲೆಯೆತ್ತಿ, ಅದು ಮುಗಿಯಲೆಂದು ಕಾದು, ಸದ್ದು ನಿಂತ ಕೂಡಲೇ ಫೋನಿನ ಮೇಲೆ ಬಾಗುತ್ತಿದ್ದರು. ವಿಜಯಾ ಬಿಕ್ಕಿದರು. "ಶ್," ಎಂದರು ಇಂದುಮತಿ.

ಬಾಗಿಲು ತೆರೆಯಿತು. ತಲೆಯೆತ್ತದೆ ಅವರು ಅತ್ತ ಅಂಗೈ ಚಾಚಿದರು. ಸೂಟಿನವನು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಉಸಿರು ಹಿಡಿದು ನಿಂತುಬಿಟ್ಟ.