ಕೂದಲು ಉಳಿಸುವ ಔಷಧಿ

ಯಾರೋ ಹಣ್ಣಿನ ರಸ ತಂದು ತೂಗುಹಾಕಿದ್ದಾರೆ ಅನ್ನಬೇಕು, ಹಾಗಿದೆ ಡ್ರಿಪ್ಪಿನ ಚೀಲದೊಳಗಿನ ಆ ಕೆಂಪು, ತುಸು ಮಬ್ಬು ಮಬ್ಬು — ಮೊದಲ ಸಲವೇ ಕೇಳಿದ್ದಳು ಇದ್ಯಾಕೆ ತಿಳಿಯಾಗಿಲ್ಲ ಅಂತ, ಹುಟ್ಟಿದಾಗಿನಿಂದ ಕನ್ನಡಕದ ಗಾಜು ಒರೆಸಿದವಳ ಕಣ್ಣಿಗೆ ಮಬ್ಬು ತಡೆಯುವುದಿಲ್ಲ, ಸಿಸ್ಟರ್ ನಕ್ಕು, ಔಷಧಿ ಹಾಗೇ ಬಿಡಿಯಾಗಿಲ್ಲಮ್ಮ ಇದರಲ್ಲಿ, ಕೊಬ್ಬಿನ ಗುಳ್ಳೆಗಳ ಒಳಗೆ ಕೂತಿದೆ, ಕಣ್ಣಿಗೆ ಕಾಣದಷ್ಟು ಸಣ್ಣವು, ಮೈಯೆಲ್ಲ ಚೆಲ್ಲಾಡದೆ ಗೆಡ್ಡೆಯ ಹತ್ತಿರ ಹೋಗಿ ಇಳಿಯುತ್ತೆ, ಕೂದಲೂ ಉಳಿಯುತ್ತೆ, ಪುಣ್ಯ ಮಾಡಿದ್ರಿ ನೀವು. ಪುಣ್ಯ. ಆ ಪುಣ್ಯವನ್ನೆಲ್ಲ ಈಗ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದಾಳೆ, ಎರಡು ಅಂಗೈ, ಕೆಂಡದಂತೆ, ಬೆರಳ ತುದಿ ಸಿಪ್ಪೆ ಎದ್ದು ಒಳಗಿನ ಹಸಿ ಚರ್ಮ ಹೊಳೆಯುತ್ತಿದೆ, ಸೀರೆಯ ಸೆರಗು ತಾಗಿದರೂ ಉರಿ, ಮತ್ತು ಪಕ್ಕದ ಕುರ್ಚಿಯಲ್ಲಿ ಗಂಡ ಕಾಲ ಮೇಲೆ ಕಾಲು ಹಾಕಿ ಫೋನಿನಲ್ಲಿ ಯಾವನಿಗೋ ಹೇಳುತ್ತಿದ್ದಾನೆ, ನಾಳೆ ಬನ್ನಿ ಸರ್, ನಿಮ್ಮ ಕನ್ನಡಕ ನಾಳೆ ಗ್ಯಾರಂಟಿ — ಯಾರ ಗ್ಯಾರಂಟಿ, ಯಾರ ಕೈಯಲ್ಲಿ ಮಾಡಿಸಿ ಕೊಡುತ್ತೀ, ನಿನ್ನ ಕೈಯಲ್ಲೋ, ಸ್ಕ್ರೂ ಯಾವ ಕಡೆ ತಿರುಗುತ್ತದೆ ಅಂತ ತಿಳಿಯದ ನಿನ್ನ ಆ ನಯವಾದ ಕೈಯಲ್ಲೋ, ಉಂಗುರದ ಕೈ, ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸಿ, ಆಹಾ ನಿಮಗೆ ಹೇಳಿ ಮಾಡಿಸಿದ ಹಾಗಿದೆ ಅನ್ನುವುದಷ್ಟೇ ಬರುವ ಕೈ. ಹೇಳಿದ್ದು ನೀನು, ಮಾಡಿದ್ದು ನಾನು.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಪರದೆಯ ಆಚೆ, ಗಾಜಿನ ಅಂಚು ಉಜ್ಜುವ ಚಕ್ರ, ಫ್ರೇಮು ಬಗ್ಗಿಸುವ ಬಿಸಿಗಾಳಿಯ ಯಂತ್ರ, ಸಾಸಿವೆಗಿಂತ ಸಣ್ಣ ಸ್ಕ್ರೂಗಳ ತಟ್ಟೆ, ಅಪ್ಪನಿಂದ ಬಂದ ಕೆಲಸ, ಅಪ್ಪ ಹೇಳುತ್ತಿದ್ದ, ಕಣ್ಣಲ್ಲ ಮಗಳೇ, ಬೆರಳಿಗೆ ಗೊತ್ತಾಗಬೇಕು ಗಾಜು ಕೂತಿತೋ ಇಲ್ಲವೋ ಅಂತ — ಹೋದ ವಾರ ಬೆರಳಿಗೆ ಏನೂ ಗೊತ್ತಾಗಲಿಲ್ಲ, ಬರೀ ಉರಿ, ಸ್ಕ್ರೂ ಬಿತ್ತು, ಹುಡುಕಲು ಬಗ್ಗಿದರೆ ಗಾಜೂ ಬಿತ್ತು, ಚೂರಾಯಿತು, ಪರದೆ ಸರಿಸಿ ಇವನು ಇಣುಕಿ, ನಿಧಾನಕ್ಕೆ ಮಾಡು ಕಣೇ, ಬೇಗ ಕೊಡಬೇಕು, ಎರಡೂ ಒಂದೇ ಉಸಿರಿಗೆ, ಅವಳಿಗೆ ನಗು ಬಂದಿತ್ತು, ನಗಲಿಲ್ಲ. ಇವನ ಅಕ್ಕ ಬಂದಾಗಲೆಲ್ಲ ಅವಳ ಜಡೆ ಹಿಡಿದು ನೋಡಿ, ನಿನಗೆ ಇಂಥಾ ಕಾಯಿಲೆ ಅಂತ ಗೊತ್ತೇ ಆಗಲ್ಲ ನೋಡು, ನನ್ನ ತಮ್ಮ ಎಷ್ಟು ಓಡಾಡಿ ಒಳ್ಳೇ ಔಷಧಿ ಕೊಡಿಸಿದಾನೆ ಅನ್ನುತ್ತಾಳೆ. ಗೊತ್ತೇ ಆಗಲ್ಲ. ಅಂಗೈ ಯಾರೂ ತಿರುಗಿಸಿ ನೋಡುವುದಿಲ್ಲವಲ್ಲ. ನಿನ್ನೆ ಆಸ್ಪತ್ರೆಯಿಂದ ಫೋನು ಬಂದಾಗಲೂ ಇವನೇ ಎತ್ತಿದ, ಕೈಕಾಲು ಹೇಗಿದೆ ಅಂದದ್ದಕ್ಕೆ, ಪರವಾಗಿಲ್ಲ ಸಿಸ್ಟರ್, ಸ್ವಲ್ಪ ಕೆಂಪಗಿದೆ ಅಷ್ಟೆ — ಅವಳು ಒಲೆಯ ಮುಂದೆ ನಿಂತು ಕೇಳಿಸಿಕೊಂಡಳು, ಅದಕ್ಕೇ ಚೀಲ ತಯಾರಾಗಿ ಬಂದಿದೆ, ಅದಕ್ಕೇ ಸಿಸ್ಟರ್, ಔಷಧಿ ಇಳಿಯುವಾಗ ಕೈ ತಂಪಾಗಿರಲಿ ಅಂತ ಐಸ್ ಕಟ್ಟಲು ಬಂದವಳು ಬಟ್ಟೆ ಸರಿಸಿ, ಅಯ್ಯೋ ಇದೇನಮ್ಮ, ತಾಳಿ, ನಾನು ಇದನ್ನ ಹಾಕಲ್ಲ, ಡಾಕ್ಟರಮ್ಮನ್ನ ಕರೀತೀನಿ ಅಂತ ಹೋದದ್ದು.

ಡಾಕ್ಟರಮ್ಮನ ಚಪ್ಪಲಿಯ ಸದ್ದು, ತಣ್ಣಗಿನ ಬೆರಳು ಅವಳ ಮಣಿಕಟ್ಟು ಹಿಡಿದು ಅಂಗೈಯನ್ನು ಬೆಳಕಿಗೆ ತಿರುಗಿಸಿತು, ಇಷ್ಟಾಗೋವರೆಗೆ ಯಾಕೆ ಸುಮ್ಮನಿದ್ರಿ, ಬಿಸಿ, ಒತ್ತಡ ಎಲ್ಲಿ ಜಾಸ್ತಿಯೋ ಅಲ್ಲಿ ಸಣ್ಣ ರಕ್ತನಾಳದಿಂದ ಈ ಗುಳ್ಳೆಗಳು ಆಚೆ ಸೋರ್ತವೆ, ನಿಮ್ಮದು ಕೈಕೆಲಸ ಬೇರೆ, ಮೊದಲೇ ಹೇಳಿದ್ನಲ್ಲ, ಎರಡು ದಾರಿ ಇದೆ, ಇದೇ ಔಷಧಿ ಗುಳ್ಳೆ ಇಲ್ಲದೆ ಬರುತ್ತೆ, ಕೂದಲು ಹೋಗುತ್ತೆ, ಕೈ ಉಳಿಯುತ್ತೆ, ಗುಣ ಎರಡರಲ್ಲೂ ಒಂದೇ, ನಿಮ್ಮ ಹೃದಯ ಗಟ್ಟಿಯಿದೆ, ಯಾವುದನ್ನಾದ್ರೂ ತಡೆಯುತ್ತೆ ಅಂತ. ಯಾರಿಗೆ ಹೇಳಿದ್ರಿ, ಅಂದಳು ಅವಳು. ನಿಮ್ಮವರಿಗೆ, ನೀವು ಆಗ ಸ್ಕ್ಯಾನಿಂಗಿಗೆ ಹೋಗಿದ್ರಿ, ನಿಮ್ಮನ್ನ ಕೇಳಿಕೊಂಡು ಹೇಳಿ ಅಂದೆ, ಅವಳಿಗೆ ಕೂದಲೇ ಮುಖ್ಯ ಡಾಕ್ಟ್ರೇ, ಕೇಳಿ ಆಗಿದೆ ಅಂದ್ರು. ಕೇಳಿ ಆಗಿದೆ. ಆ ಕತ್ತಲೆ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಮಲಗಿದ್ದಾಗ, ದೇವರೇ ಇವರನ್ನು ಒಂಟಿ ಮಾಡಬೇಡ ಅಂತ ಇವನಿಗಾಗಿ ಬೇಡಿಕೊಳ್ಳುತ್ತಿದ್ದಾಗ, ಇವನು ಗೋಡೆಯ ಆಚೆ ಅವಳ ಕೈಗಳನ್ನು ಕೊಟ್ಟು ಬಂದಿದ್ದ. ಆವತ್ತು ಸಂಜೆ — ಅಂಗಡಿಯ ಕನ್ನಡಿಯ ಮುಂದೆ ಹಿಂದಿನಿಂದ ಬಂದು, ಅವಳ ಕೂದಲೊಳಗೆ ಬೆರಳಾಡಿಸಿ, ಇದಕ್ಕೇನೂ ಆಗಲ್ಲ, ನಾನಿದೀನಿ ಅಂದಿದ್ದ, ಎಂದೂ ಮುಟ್ಟದವನು ಮುಟ್ಟಿದ್ದ, ಮತ್ತು ಅವಳು —

ಮುಂದುವರಿಸಿ ಡಾಕ್ಟ್ರೇ, ಇವನ ದನಿ, ಬೆಣ್ಣೆ ಸವರಿದ ಅದೇ ಅಂಗಡಿಯ ದನಿ, ಇವಳು ಗಟ್ಟಿಗಿತ್ತಿ, ತಡ್ಕೊಳ್ತಾಳೆ, ಇಷ್ಟು ದೂರ ಬಂದು ವಾಪಸ್ ಯಾಕೆ. ಆ ಚೀಲ ತೆಗೀರಿ ಅಂದಳು ಅವಳು, ನನಗೆ ಆ ಇನ್ನೊಂದು ಕೊಡಿ, ಕೂದಲು ಹೋಗೋದು. ಏನೇ ಇದು, ಎದುರಿಗೆ ಬರೋ ಗಿರಾಕಿ ಏನಂದುಕೊಳ್ತಾರೆ. ಗಿರಾಕಿ ನನ್ನ ಮುಖ ಯಾವತ್ತು ನೋಡಿದಾರೆ ರೀ, ನಾನು ಪರದೆ ಹಿಂದೆ ಇರೋಳು, ಎದುರಿಗಿರೋದು ನೀವು, ನಾಳೆಯಿಂದ ಪರದೆ ಹಿಂದೆಯೂ ನೀವೇ ಕೂತ್ಕೊಳ್ಳಿ. ಡಾಕ್ಟರಮ್ಮ ಇವನತ್ತ ನೋಡಲೇ ಇಲ್ಲ, ಅದೊಂದು ಸಮಾಧಾನ, ಮೊದಲು ಈ ಕೈ ಮಾಯಲಿ, ಆಮೇಲೆ ಅದನ್ನೇ ಶುರು ಮಾಡೋಣ, ಆದರೆ ಚರ್ಮ ಬಂದರೂ ಬೆರಳ ತುದಿಯ ಸ್ಪರ್ಶ ಮೊದಲಿನ ಹಾಗೆ ಬರುತ್ತೆ ಅಂತ ಈಗಲೇ ಹೇಳಲಾರೆ ಅಂದರು. ಸಿಸ್ಟರ್ ಕೆಂಪು ಚೀಲ ಇಳಿಸಿಕೊಂಡು ಹೋದಳು. ಇವನು ಬಗ್ಗಿ ಕಿವಿಯ ಹತ್ತಿರ, ಎಲ್ಲಾ ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೇ, ಅನ್ನುತ್ತಾ ಅವಳ ಹಣೆಯ ಮೇಲಿನ ಕೂದಲು ಸರಿಸಲು ಕೈ ನೀಡಿದ, ಅವಳು ಮುಖ ತಿರುಗಿಸಿದಳು, ಕೈ ಗಾಳಿಯಲ್ಲಿ ಉಳಿಯಿತು, ಸಾಯಲಿ, ಈ ಮನುಷ್ಯನನ್ನು ದ್ವೇಷಿಸುವುದು ಸುಲಭ, ಇವನ ಉಂಗುರ, ಇವನ ದನಿ, ಇವನ ಅಕ್ಕ, ಎಲ್ಲವನ್ನೂ, ಅದಕ್ಕೆ ಕೈ ಬೇಕಿಲ್ಲ, ಬೆರಳು ಬೇಕಿಲ್ಲ, ಆದರೆ ಆವತ್ತಿನ ಸಂಜೆಯನ್ನು ಏನು ಮಾಡುವುದು, ಆ ಕನ್ನಡಿ, ಕೂದಲೊಳಗೆ ಓಡಾಡುವ ಬೆರಳು, ನಾನಿದೀನಿ ಅನ್ನುವ ಮಾತು, ಮತ್ತು ಕನ್ನಡಿಯಲ್ಲಿ ಅವಳದೇ ತಲೆ, ಕಣ್ಣು ಮುಚ್ಚಿಕೊಂಡು, ತಾನಾಗಿಯೇ, ಯಾರೂ ಕರೆಯದೆ, ಅವನ ಅಂಗೈಗೆ ವಾಲುತ್ತಿದೆ, ವಾಲುತ್ತಿದೆ —