ಓಡದ ಐದು ಕ್ಯಾಸೆಟ್ಟುಗಳು

ಗಜಾನನನು ವಿಡಿಯೋ ಗೇಮಿನ ಕ್ಯಾಸೆಟ್ಟನ್ನು ಮೂಗಿನ ಬಳಿಗೆ ಒಯ್ದು ಮೂಸಿದ. ಎರಡನೆಯದನ್ನೂ ಮೂಸಿದ. ಬಳಿಕ ಅದರ ಕೆಳ ಅಂಚಿನಲ್ಲಿ ಸಾಲಾಗಿ ಕುಳಿತ ತಾಮ್ರದ ಹಲ್ಲುಗಳನ್ನು ಮೆಲ್ಲಗೆ ಗೀರಿ, ಉಗುರಿಗೆ ಹತ್ತಿದ ಬೆಳ್ಳನೆಯ ಪುಡಿಯನ್ನು ತಮ್ಮಣ್ಣನ ಮುಂದೆ ಹಿಡಿದ.

"ಬೂದಿ ಐತ್ರಿ ಇದು. ಜೋಡಿಗೆ ಹುಣಸಿಹಣ್ಣು. ಮನ್ಯಾಗ ಯಾರರೆ ದೇವರ ಸಾಮಾನು ತಿಕ್ಕಿದಂಗ ಇದನ್ನೂ ತಿಕ್ಕ್ಯಾರೇನು?"

ತಮ್ಮಣ್ಣ ತಲೆ ತಗ್ಗಿಸಿದ. ಸೋಮವಾರ ಬಂತೆಂದರೆ ಪೂಜೆಯ ಹಿತ್ತಾಳೆ ತಾಮ್ರಗಳನ್ನೆಲ್ಲ ಹುಣಸೆ ಬೂದಿಗಳಿಂದ ಬೆಳಗಿ ಬಿಸಿಲಿಗಿಡುವುದು ಗೌರವ್ವನ ನೇಮ. ಮಂಕಾದ ತಾಮ್ರ ಕಣ್ಣಿಗೆ ಬಿದ್ದ ಮೇಲೆ ಅದು ಕಲಶದ್ದೋ ಆಟದ ಯಂತ್ರದ್ದೋ ಎಂಬ ಭೇದ ಆಕೆಗೆ ತೋರಿರಲಾರದು. ಹೆಂಡತಿಯ ಕೆಲಸವೇ ಇರಬೇಕೆಂದು ಆತ ಒಪ್ಪಿಕೊಂಡಾಗ ಗಜಾನನ ನಕ್ಕುಬಿಟ್ಟ.

"ಇನ್ನ ಮ್ಯಾಲೆ ಇದರ ಪೂಜಾ ನನಗ ಬಿಡಂತ ವೈನಿಗೆ ಹೇಳ್ರಿ."

ಶಿವಬಸವ ನಗರದ ಅವನ ದುರಸ್ತಿ ಅಂಗಡಿಯಲ್ಲಿ ಹೊಟ್ಟೆ ಬಿಚ್ಚಿದ ರೇಡಿಯೋಗಳ ನಡುವೆ ತಮ್ಮಣ್ಣನ ಗಂಟು ಸಣ್ಣದಾಗಿ ಕಾಣುತ್ತಿತ್ತು. ಹೊಸ ಶತಮಾನ ಹುಟ್ಟಿ ವರ್ಷವೊಂದು ಕಳೆದಿತ್ತು. ಬೆಳಗಾವಿಯ ಹುಡುಗರು ಆಗಲೇ ಕಂಪ್ಯೂಟರಿನತ್ತ ಹೊರಳಿದ್ದರು. ಟಿವಿಗೆ ವೈರು ಸಿಕ್ಕಿಸಿ, ಅಂಗೈಯಗಲದ ಕ್ಯಾಸೆಟ್ಟನ್ನು ಮೇಲಿನ ಸೀಳಿಗೆ ಒತ್ತಿ ಆಡುವ ಈ ಯಂತ್ರವನ್ನು ದುರಸ್ತಿಗೆ ತರುವವರೇ ಇರಲಿಲ್ಲ. ತಮ್ಮಣ್ಣನ ತಂಗಿಯ ಮಗನೊಬ್ಬ ಆಡಿ ಬೇಸತ್ತು ಕೊಟ್ಟ ವಸ್ತು ಇದು. ಖಾನಾಪುರದ ತಮ್ಮಣ್ಣನ ಮನೆಯಲ್ಲಿ ಇದು ಬಂದಂದಿನಿಂದ ಹಗಲುಗಳು ಹೇಗೋ ಸಾಗುತ್ತಿದ್ದವು.

ಮಗಳು ನೇತ್ರಾಳಿಗೆ ಹದಿನಾಲ್ಕು. ಮಾಂಸಖಂಡಗಳನ್ನು ಒಳಗೊಳಗೇ ಸವೆಸುವ ರೋಗವೊಂದು ಮೂರು ವರ್ಷಗಳ ಹಿಂದೆ ಆಕೆಯ ಕಾಲುಗಳನ್ನು ಹಿಡಿದು, ಮೊದಲು ಮೆಟ್ಟಿಲನ್ನು, ಆಮೇಲೆ ಶಾಲೆಯನ್ನು, ಕಡೆಗೆ ಅಂಗಳವನ್ನು ಆಕೆಯಿಂದ ಕಸಿದಿತ್ತು. ಎರಡು ವರ್ಷದ ಹಿಂದೆ ಬೆಳಗಾವಿ ಸದಾಶಿವನಗರದ ವೈದ್ಯರು ತಮ್ಮಣ್ಣನನ್ನು ಒಬ್ಬನನ್ನೇ ಒಳಗೆ ಕರೆದು, ಕಾಲು ಹೋದದ್ದು ಹೋಯಿತು, ಕೈಗಳ ಮೇಲೆ ಕಣ್ಣಿಟ್ಟಿರಿ ಎಂದಿದ್ದರು. ಕೈಗಳು ಗಟ್ಟಿಯಾಗಿರುವ ತನಕ ವರ್ಷಗಳ ಲೆಕ್ಕ ಹಿಡಿಯಬಹುದು, ಅಲ್ಲಿಗೂ ಏರಿತೆಂದರೆ ಉಸಿರಾಟದ ಮಾಂಸಖಂಡಗಳಿಗೆ ಬಹಳ ದೂರವಿಲ್ಲ ಎಂದಿದ್ದರು. ಅಂದಿನಿಂದ ಗೌರವ್ವ ಒಪ್ಪತ್ತಿನ ಊಟ ಹಿಡಿದಳು. ತಮ್ಮಣ್ಣ ಪ್ರತಿ ಸೋಮವಾರ ಪೂಜೆ ತೀರಿದೊಡನೆ ತನ್ನೆರಡು ಬೆರಳುಗಳನ್ನು ಚಾಚುವನು. ಮಗಳು ಅವನ್ನು ಮುಷ್ಟಿಯಲ್ಲಿ ಹಿಸುಕುವಳು. ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಮೇಸ್ತ್ರಿಯಾಗಿ, ಹಂಚನ್ನು ಗೆಣ್ಣಿನಿಂದ ತಟ್ಟಿ ನಾದದ ಮೇಲೆಯೇ ಒಳಬಿರುಕನ್ನು ಹೇಳಬಲ್ಲವನು ಆತ. ಮಗಳ ಹಿಡಿತದಲ್ಲಿ ಅವನಿಗೆ ಯಾವ ಬಿರುಕೂ ಕೇಳಿಸಿರಲಿಲ್ಲ. ಗಟ್ಟಿ ಐತಿ ಎಂದು ಆತ ಅಡುಗೆಮನೆಗೆ ಕೇಳುವಂತೆ ಹೇಳಿದರೆ, ಒಪ್ಪತ್ತಿನ ಫಲ ಅದೆಂದು ಗೌರವ್ವ ಒಳಗೇ ಕೈಮುಗಿಯುವಳು.

ಮಗಳು ಇದ್ದ ಹನ್ನೊಂದು ಆಟಗಳಲ್ಲಿ ಆರನ್ನೇ ತಿರುತಿರುಗಿ ಆಡುತ್ತಿರುವುದನ್ನು ಮೊದಲು ಗಮನಿಸಿದವಳೂ ಗೌರವ್ವನೇ. ಉಳಿದ ಐದು ಓಡೋದಿಲ್ಲ ಎಂದು ನೇತ್ರಾ ಹೇಳಿದ್ದಳು. ತಾಯಿ ಬೂದಿ ಹಚ್ಚಿದ್ದು ಆಮೇಲೆಯೇ ಇರಬೇಕು. ಅವು ಓಡದೆಯೇ ಉಳಿದಾಗ ತಮ್ಮಣ್ಣ ಬೆಳಗಾವಿಗೆ ಹೊರಟ. ಬೇಡ, ಇರುವಷ್ಟೇ ಸಾಕು ಎಂದು ಮಗಳು ಎರಡು ಸಲ ಅಂದಿದ್ದಳು. ಅಪ್ಪನಿಗೆ ದಣಿವಾದೀತೆಂಬ ಸಂಕೋಚ ಅದು ಎಂದುಕೊಂಡು ಆತ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದ್ದ.

ಗಜಾನನ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹಲ್ಲುಗಳನ್ನೂ ಸೀಳಿನ ಒಳಗನ್ನೂ ಒರೆಸಿ ಒಂದೊಂದನ್ನೇ ಹಾಕಿ ನೋಡಿದ. ಹನ್ನೊಂದೂ ಓಡಿದವು. ಓಡವೆಂದು ಬೇರೆ ಕಟ್ಟಿಕೊಂಡು ಬಂದಿದ್ದ ಐದನ್ನು ಆತ ಎರಡೆರಡು ಸಲ ಹಾಕಿ ತೆಗೆದ. ತೆಗೆಯುವಾಗ ಯಂತ್ರವನ್ನು ಒಂದು ಕೈಯಲ್ಲಿ ಅದುಮಿ ಹಿಡಿದು ಇನ್ನೊಂದರಿಂದ ಅಲುಗಾಡಿಸಿ ಕೀಳಬೇಕಾಯಿತು. ಇವುಗಳ ಕವಚ ಬೇರೆ ಅಚ್ಚಿನದು, ಒಂದು ಕೂದಲು ದಪ್ಪ, ಅದಕ್ಕೇ ಬಿಗಿ ಎಂದು ಆತ ಮಾತಿನ ನಡುವೆ ಹೇಳಿದ. ದೋಷ ಸಿಕ್ಕಿತೆಂಬ ಹರುಷದಲ್ಲಿ ತಮ್ಮಣ್ಣ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆ ಮುಟ್ಟಿದಾಗ ಮಧ್ಯಾಹ್ನ ತಿರುಗಿತ್ತು. ಗೋಡೆಗೆ ದಿಂಬು ಕೊಟ್ಟು ಕುಳಿತಿದ್ದ ಮಗಳ ಮುಂದೆ ಮಣೆಯಿಟ್ಟು, ಅದರ ಮೇಲೆ ಯಂತ್ರವನ್ನಿಟ್ಟು, ಐದರಲ್ಲೊಂದನ್ನು ಕೈಗೆ ಕೊಟ್ಟ. ನೇತ್ರಾ ಅದನ್ನು ಸೀಳಿನಲ್ಲಿ ನಿಲ್ಲಿಸಿ ಎರಡೂ ಅಂಗೈಯಿಂದ ಒತ್ತಿ ಗುಂಡಿ ಅದುಮಿದಳು. ಟಿವಿಯ ಪರದೆ ಬರಿಯ ಹಸಿರಾಯಿತು. ಇನ್ನೊಂದನ್ನು ಹಾಕಿದಳು, ಅದೂ ಹಸಿರು.

ತಮ್ಮಣ್ಣನ ನೆತ್ತಿಗೇರಿತು. ಗಜಾನನ ಮೋಸಗಾರನೆಂದ, ಈಗಲೇ ಬಸ್ಸು ಹಿಡಿದು ಹೋಗಿ ಯಂತ್ರವನ್ನು ಅವನ ಮುಂದೆಯೇ ಎತ್ತಿಹಾಕುವೆನೆಂದ. ಉಂಡಾದರೂ ಹೋಗಿರೆಂದು ಗೌರವ್ವ ಒಳಗಿನಿಂದ ಕೂಗಿದಳು. ಆತ ಗಂಟು ಕಟ್ಟಲು ಬಾಗಿ ಕ್ಯಾಸೆಟ್ಟಿಗೆ ಕೈ ಹಾಕಿದ. ಎರಡು ಬೆರಳು ಸೋಕುತ್ತಲೇ ಅದು, ಎಂದೂ ಕೂತೇ ಇರಲಿಲ್ಲವೆಂಬಂತೆ, ಹಗುರಾಗಿ ಎದ್ದು ಬಂತು.

ತಮ್ಮಣ್ಣ ಬಾಗಿದಲ್ಲೇ ನಿಂತ. ಗಜಾನನ ಅಲುಗಾಡಿಸಿ ಕಿತ್ತಿದ್ದು ನೆನಪಾಯಿತು. ಅದನ್ನೇ ಮತ್ತೆ ಸೀಳಿನಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದ. ಅರ್ಧ ಬೆರಳಿನಷ್ಟು ಕೆಳಗಿಳಿದು ಅದು ಟಕ್ಕೆಂದು ಕೂತಿತು. ಗುಂಡಿ ಅದುಮಿದಾಗ ಪರದೆಯ ಮೇಲೆ ನೀಲಿ ಆಕಾಶ ಮೂಡಿ, ಸಣ್ಣದೊಂದು ಸಂಗೀತ ಹೊರಟಿತು.

ಮಗಳು ಆಕಾಶವನ್ನೇ ನೋಡುತ್ತಿದ್ದಳು.

"ಯಾವಾಗಿಂದವ್ವಾ?" ಎಂದ ತಮ್ಮಣ್ಣ.

"ದೀಪಾವಳಿ ಮುಂದ."

"ಹಿಡಿತ ಗಟ್ಟಿ ಇತ್ತಲ್ಲ. ನಾನೇ ನೋಡೇನಿ."

"ಬೆರಳು ಗಟ್ಟಿ ಅದಾವಪ್ಪಾ. ರಟ್ಟಿಯಿಂದ ಬಲ ಬರೂದಿಲ್ಲ." ಸಂಗೀತದ ಸದ್ದನ್ನು ತಗ್ಗಿಸಿ ನೇತ್ರಾ ಮುಂದುವರಿದಳು. "ಅವ್ವಗ ಹೇಳಬ್ಯಾಡ. ಹೇಳಿದಿ ಅಂದ್ರ ಇದ್ದೊಂದು ಹೊತ್ತಿನ ಊಟಾನೂ ಬಿಡ್ತಾಳ."

ಎರಡು ವರ್ಷ ಆತ ಮುಷ್ಟಿಯನ್ನಷ್ಟೇ ಪರೀಕ್ಷಿಸಿದ್ದ. ಮೇಲಿನ ತೋಳಿನಿಂದ ಹೆಗಲಿನವರೆಗೆ ರೋಗ ಎಂದೋ ದಾರಿ ಮಾಡಿಕೊಂಡಿತ್ತು. ಅದು ಎಲ್ಲಿಯವರೆಗೆ ಬಂದಿದೆಯೆಂದು ಈ ಮನೆಯಲ್ಲಿ ಬಲ್ಲವಳು ಹದಿನಾಲ್ಕರ ಹುಡುಗಿಯೊಬ್ಬಳೇ. ಓಡದ ಆಟಗಳನ್ನು ಒಂದೊಂದಾಗಿ ಪಕ್ಕಕ್ಕಿಡುತ್ತ ಆಕೆ ಅದನ್ನು ಅಳೆದಿದ್ದಳು.

ಆತ ಎದ್ದು, ಕಾರ್ಖಾನೆಯ ಅಚ್ಚುಗಳ ಅಂಚು ಉಜ್ಜುವ ಸಣ್ಣ ಅರವನ್ನು ತಂದ. ಹಳೆಯ ವರ್ತಮಾನ ಪತ್ರಿಕೆಯೊಂದನ್ನು ಹಾಸಿ, ಮೊದಲ ಕ್ಯಾಸೆಟ್ಟನ್ನು ಮಂಡಿಗಳ ನಡುವೆ ಹಿಡಿದು ಅದರ ಪಕ್ಕಗಳನ್ನು ಉಜ್ಜತೊಡಗಿದ. ಸದ್ದು ಕೇಳಿ ಗೌರವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಅಂಗಡಿಯಂವ ಸರಿ ಮಾಡಿ ಕೊಡಲಿಲ್ಲೇನ್ರಿ?"

"ಮಾಡ್ಯಾನ. ಇವು ಒಂದೀಟು ಬಿಗಿ ಅದಾವ."

"ಇವತ್ತ ಸೋಮಾರ. ಕೈ ನೋಡಿದ್ರಿ?"

ಅರ ನಿಲ್ಲಲಿಲ್ಲ. "ನೋಡಿದೆ. ಗಟ್ಟಿ ಅದಾವ."

ಗೌರವ್ವ ಹಿಟ್ಟು ಮೆತ್ತಿದ ಕೈಗಳನ್ನೇ ಜೋಡಿಸಿ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ರೊಟ್ಟಿ ತಟ್ಟುವ ಸದ್ದು ಮತ್ತೆ ಮೊದಲಾಯಿತು.

ಕ್ಯಾಸೆಟ್ಟಿನ ಎರಡೂ ಪಕ್ಕ ನುಣುಪಾದ ಮೇಲೆ ತಮ್ಮಣ್ಣ ಅದನ್ನು ಊದಿ ಮಗಳಿಗೆ ಕೊಟ್ಟ. ಆಕೆ ಸೀಳಿನಲ್ಲಿಟ್ಟು ಒತ್ತಿದಳು. ಅದು ತಡವರಿಸಿ, ಕೊನೆಗೆ ತಳಮುಟ್ಟ ಇಳಿಯಿತು. ನೀಲಿ ಆಕಾಶ ಮೂಡಿತು.

"ಸಾಕೇನವ್ವಾ?"

ನೇತ್ರಾ ಯಂತ್ರವನ್ನು ಆರಿಸಿ, ಕ್ಯಾಸೆಟ್ಟನ್ನು ಮೆಲ್ಲನೆ ಎತ್ತಿ ಅಪ್ಪನ ಕೈಗೆ ಮರಳಿಸಿದಳು.

"ಇನ್ನೊಂದೀಟು ತಿಕ್ಕು," ಎಂದಳು. "ಮುಂದಕ್ಕ ಬೇಕಾಗ್ತದ."

ತಮ್ಮಣ್ಣ ಅದನ್ನು ತಿರುಗಿ ಮಂಡಿಗಳ ನಡುವೆ ಇಟ್ಟುಕೊಂಡ. ಹಾಸಿದ ಹಾಳೆಯ ಮೇಲೆ ಕರಿಯ ಪುಡಿ ಸಣ್ಣಗೆ ಉದುರುತ್ತ, ಅಕ್ಷರಗಳನ್ನು ಒಂದೊಂದಾಗಿ ಮುಚ್ಚುತ್ತಿತ್ತು.