ಕೇಳಿಸದ ಗಂಟೆ

ಇಪ್ಪತ್ತೇಳು ವರ್ಷದಿಂದ ಶೋಜಿ ಕುರಮೋಚಿ ಆ ಬೀದಿಗೆ ಕಾಲಿಟ್ಟಿರಲಿಲ್ಲ. ಊರು ಬಿಟ್ಟು ಹೋಗಿದ್ದನೇ ಎಂದರೆ ಅದೂ ಇಲ್ಲ. ಅದೇ ಅಮಗಸಾಕಿಯಲ್ಲಿ, ನಡೆದರೆ ಅರ್ಧ ಗಂಟೆಯ ದೂರದಲ್ಲಿ, ತೋಫು ಅಂಗಡಿ ಇಟ್ಟುಕೊಂಡಿದ್ದ. ಆದರೂ ರೈಲು ಸೇತುವೆಯ ಕೆಳಗಿನ ಮುನಕಾತ ಬಾಕ್ಸಿಂಗ್ ಜಿಮ್ಮಿನ ಮುಂದೆ ಹಾಯಬೇಕಾಗಿ ಬಂದರೆ ಸೈಕಲ್ ತಿರುಗಿಸಿ ಊರೆಲ್ಲ ಸುತ್ತಿ ಹೋಗುತ್ತಿದ್ದ. ಅಂಥಾ ಹಟಮಾರಿ.

ಆ ದಿನ ಮಧ್ಯಾಹ್ನ ಫೋನು ಬಂತು. ಜಿಮ್ಮಿನ ಯಜಮಾನ ಮುನಕಾತರ ಮಗಳು ಚಿಝುರು.

"ಶೋಜಿಯಣ್ಣ, ನಾಳೆ ಬೆಳಿಗ್ಗೆ ಜಿಮ್ ಕೆಡವ್ತಾರೆ. ಅಪ್ಪ ಒಳಗೇ ಕೂತಿದ್ದಾರೆ, ಎದ್ದು ಬಾ ಅಂದ್ರೆ ಬರ್ತಿಲ್ಲ. ಎಂಬತ್ತಾರು ವರ್ಷ ಆಯ್ತು ಅವರಿಗೆ. ನಿಮಗೆ ಏನಾದ್ರೂ ಕೇಳೋದಿದ್ರೆ ಇವತ್ತೇ ಬಂದು ಕೇಳಿಬಿಡಿ."

ಶೋಜಿ ಫೋನಿಟ್ಟು ಹಿಂತಿರುಗಿದ. ಹೆಂಡತಿ ಸುಮಿಯೆ ಅಷ್ಟರಲ್ಲಿ ನಾಲ್ಕು ತುಂಡು ತೋಫು ಡಬ್ಬಿಗೆ ಹಾಕಿ ಬಟ್ಟೆ ಸುತ್ತಿದ್ದಳು.

"ಬರಿಗೈಲಿ ಹೋಗ್ಬೇಡಿ. ಹೋಗಿ ಕೇಳ್ಕೊಂಡೇ ಬನ್ನಿ. ಟವಲ್ ಯಾಕೆ ಎಸೆದ, ಯಾಕೆ ಎಸೆದ ಅಂತ ಇಷ್ಟು ವರ್ಷ ನನ್ನ ತಲೆ ತಿಂದಿದ್ದು ಸಾಕು. ಎಸೆದಿದ್ದು ನಾನಾ?"

ಕೇಳಬೇಕಾಗಿದ್ದದ್ದು ಅದೊಂದೇ ಮಾತು. ಇವತ್ತು ಕೇಳದಿದ್ದರೆ ಇನ್ನು ಕೇಳುವ ಜಾಗವೂ ಇರುವುದಿಲ್ಲ. ಬಹುಶಃ ಹೇಳುವ ಮನುಷ್ಯನೂ.

ದಾರಿಯುದ್ದಕ್ಕೂ ಹಳೆಯದೆಲ್ಲ ನೆನಪಾಯಿತು. ಹತ್ತೊಂಬತ್ತನೇ ವಯಸ್ಸಿಗೆ ಶಿಮಾನೆಯ ಕರಾವಳಿಯಿಂದ ಒಂದು ಚೀಲ ಹಿಡಿದು ಬಂದಿದ್ದ. ಬೆಳಗಿನ ಜಾವಕ್ಕೆ ಎದ್ದು ತೋಫು ಅಂಗಡಿಯಲ್ಲಿ ಸೋಯಾ ರುಬ್ಬುವುದು, ಸಂಜೆ ಜಿಮ್ಮು. ತೂಕ ಇಳಿಸಬೇಕಾದಾಗ ಆಗಸ್ಟ್ ತಿಂಗಳ ಸೆಕೆಯಲ್ಲಿ ಕಿಟಕಿ ಮುಚ್ಚಿ, ಒಲೆ ಹೊತ್ತಿಸಿ, ಎರಡು ಕೋಟು ತೊಟ್ಟು ಹಗ್ಗ ಹಾರುತ್ತಿದ್ದ. ನೀರಿಲ್ಲ, ಅನ್ನವಿಲ್ಲ. ಉಪ್ಪಿನಲ್ಲಿ ಹಾಕಿದ ಉಮೆ ಕಾಯಿಯ ಹುಳಿ ನೆನೆಸಿಕೊಂಡು ಬಾಯಲ್ಲಿ ನೀರೂರಿಸಿ, ಅದನ್ನೂ ಡಬ್ಬಿಗೆ ಉಗಿಯುವುದು. ಒಂದು ಲೋಟ ಉಗಿದರೆ ಒಂದು ಲೋಟ ತೂಕ ಇಳಿಯಿತು! ತಕ್ಕಡಿ ಇಳಿದ ಕೂಡಲೇ ಜಿಮ್ಮಿನ ಯಜಮಾನರ ಹೆಂಡತಿ ಶುಂಠಿ ಹಾಕಿದ ಅಕ್ಕಿ ಗಂಜಿಯ ಪಾತ್ರೆ ಹಿಡಿದು ನಿಂತಿರುತ್ತಿದ್ದಳು. ಆ ಗಂಜಿಯ ರುಚಿ ಮತ್ತೆ ಯಾವ ಊಟಕ್ಕೂ ಬರಲಿಲ್ಲ. ಪುಣ್ಯಾತ್ಗಿತ್ತಿ, ಹೋಗಿ ಒಂಬತ್ತು ವರ್ಷವಾಯಿತು, ಸಂಸ್ಕಾರಕ್ಕೂ ಅವನು ಹೋಗಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತಿತ್ತು.

ತಲೆಯ ಮೇಲೆ ರೈಲು ಹೋಗುವಾಗ ಜಿಮ್ಮಿನಲ್ಲಿ ಗಂಟೆ ಕೇಳಿಸುತ್ತಿರಲಿಲ್ಲ. ರೌಂಡ್ ಮುಗಿಯಿತೋ ಇಲ್ಲವೋ ತಿಳಿಯದೆ ಹುಡುಗರು ಕೈ ಇಳಿಸಿದರೆ ಯಜಮಾನರು ಬೆತ್ತದಲ್ಲಿ ನೆಲ ಬಡಿಯುತ್ತಿದ್ದರು. "ಕೇಳಿಸಿತೇನ್ರೋ? ಇಲ್ವಲ್ಲ! ಕೇಳಿಸದೆ ಇದ್ರೆ ರೌಂಡ್ ಮುಗಿದಿಲ್ಲ, ಹೊಡೀರಿ!" ಅದು ಆ ಜಿಮ್ಮಿನ ಕಾನೂನು. ಬೇರೆ ಜಿಮ್ಮಿನವರು ಬಂದರೆ ಇದೆಂಥಾ ಹುಚ್ಚಾಟ ಎಂದು ನಗುತ್ತಿದ್ದರು.

ಇಪ್ಪತ್ತೆರಡು ಪಂದ್ಯ, ಹದಿನೇಳು ಗೆಲುವು. ಇಪ್ಪತ್ತೆಂಟನೇ ವಯಸ್ಸಿಗೆ ರಾಷ್ಟ್ರೀಯ ಪಟ್ಟಕ್ಕೆ ಕಾದಾಡುವ ಯೋಗ ಬಂತು. ಏಳು ರೌಂಡ್ ಅವನದೇ ಕೈ ಮೇಲು. ಎಂಟನೆಯದರಲ್ಲಿ ಅವನು ಬಿದ್ದಿರಲಿಲ್ಲ, ತೂರಾಡಿಯೂ ಇರಲಿಲ್ಲ. ಬಿಳಿ ಟವಲೊಂದು ಹಾರಿ ಬಂದು ಕಾಲ ಬಳಿ ಬಿತ್ತು. ಟವಲ್ ಬಿತ್ತೆಂದರೆ ಸೋಲೊಪ್ಪಿದಂತೆ, ಪಂದ್ಯ ಅಲ್ಲಿಗೇ ಮುಗಿಯಿತು. ಎಸೆದವರು ಸ್ವಂತ ಯಜಮಾನರು. ಮರುದಿನ ಪತ್ರಿಕೆಯಲ್ಲಿ ಅವರ ಒಂದೇ ಮಾತಿತ್ತು, ನನ್ನ ಧೈರ್ಯ ಸಾಲಲಿಲ್ಲ ಎಂದು.

ಶೋಜಿ ಮತ್ತೆ ಗ್ಲೌಸ್ ತೊಡಲಿಲ್ಲ. ವೃತ್ತಿ ಬಿಡುವ ಬಾಕ್ಸರನ್ನು ರಿಂಗಿನ ನಡುವೆ ನಿಲ್ಲಿಸಿ ಹತ್ತು ಸಲ ಗಂಟೆ ಬಾರಿಸಿ ಬೀಳ್ಕೊಡುವುದು ರೂಢಿ. ಬಿದ್ದವನಿಗೆ ಹತ್ತು ಎಣಿಸುತ್ತಾರಲ್ಲ, ಇದು ನಿಂತವನಿಗೆ ಎಣಿಸುವ ಹತ್ತು. ಅವನಿಗೆ ಅದೂ ದಕ್ಕಲಿಲ್ಲ.

ಜಿಮ್ಮಿನ ಬಾಗಿಲು ತೆರೆದೇ ಇತ್ತು. ಅದೇ ಬೆವರು, ಅದೇ ನೋವಿನೆಣ್ಣೆಯ ವಾಸನೆ! ಮರಳಿನ ಚೀಲಗಳನ್ನು ಇಳಿಸಿಯಾಗಿತ್ತು. ಚಿಝುರು ರಟ್ಟಿನ ಪೆಟ್ಟಿಗೆಗೆ ಫೋಟೋ ತುಂಬುತ್ತಿದ್ದಳು. ರಿಂಗಿನ ಪಕ್ಕ ಗಂಟೆಯ ಮೇಜಿನ ಹಿಂದೆ ಯಜಮಾನರು ಕೂತಿದ್ದರು. ಆ ಗಟ್ಟಿ ಆಳು ಒಣಗಿ ಸಣ್ಣಗಾಗಿಬಿಟ್ಟಿದ್ದರು.

"ತಡ ಮಾಡಿದ್ಯಲ್ಲೋ," ಎಂದರು, ನಿನ್ನೆ ಬಿಟ್ಟು ಹೋದವನಿಗೆ ಹೇಳಿದಂತೆ. "ಕೈಲೇನು?"

"ತೋಫು."

"ನೀನೇ ಮಾಡಿದ್ದಾ? ಹಾಗಾದ್ರೆ ಗಟ್ಟಿ ಇರುತ್ತೆ, ನಿನ್ನ ತಲೆ ಹಾಗೆ."

ಶೋಜಿ ನಗಲಿಲ್ಲ. ಗೋಡೆ ನೋಡಿದ. ಅಲ್ಲಿ ಬಾಕ್ಸರುಗಳ ಹೆಸರಿನ ಮರದ ಪಟ್ಟಿಗಳು ಎರಡು ಸಾಲು. ಮೇಲಿನದು ಆಡುವವರದು, ಕೆಳಗಿನದು ಹತ್ತು ಗಂಟೆ ಬಾರಿಸಿಕೊಂಡು ಹೋದವರದು. ಅವನ ಪಟ್ಟಿ ಮೇಲಿನ ಸಾಲಿನಲ್ಲೇ ಇತ್ತು, ಕಪ್ಪಾಗಿ.

"ಯಾವ ಅಜ್ಜಂದು ಇದು ಅಂತ ಹುಡುಗರು ತಮಾಷೆ ಮಾಡೋರು," ಎಂದಳು ಚಿಝುರು. "ಅಪ್ಪ ಮುಟ್ಟೋಕೆ ಬಿಡ್ಲಿಲ್ಲ."

ಶೋಜಿ ಅವರ ಕಡೆ ತಿರುಗಿದ. "ಯಜಮಾನ್ರೇ, ಟವಲ್ ಯಾಕೆ ಎಸೆದ್ರಿ? ನಾನು ಗೆಲ್ತಿದ್ದೆ."

"ಗೆಲ್ತಿದ್ದೆ, ಹೌದು." ಮುದುಕ ಮೇಜು ಸವರಿದರು. "ಏಳನೇ ರೌಂಡ್ ಮುಗಿಸಿ ಬಂದು ನೀನು ಸ್ಟೂಲ್ ಮೇಲೆ ಕೂತೆ. 'ನೀರು ಕೊಡ್ರೀ' ಅಂತ ಕೂಗಿದೆ. ನಾನು ಬಾಟಲಿ ನಿನ್ನ ಬಲಗೆನ್ನೆ ಪಕ್ಕದಲ್ಲೇ ಹಿಡಿದಿದ್ದೆ ಕಣೋ. ನೀನು ನೋಡಲೇ ಇಲ್ಲ."

ಶೋಜಿಯ ಕೈ ತಾನಾಗಿ ಬಲಗಣ್ಣಿಗೆ ಹೋಯಿತು. ಆ ಪಂದ್ಯಕ್ಕೆ ಎರಡು ವಾರ ಮೊದಲೇ ಬಲಗಣ್ಣಲ್ಲಿ ಮಸಿ ಹಾರಾಡುತ್ತಿತ್ತು. ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು ಬಾಯಿಪಾಠ ಮಾಡಿ ಪಾಸಾಗಿದ್ದ. ಯಾರಿಗೂ ಹೇಳಿರಲಿಲ್ಲ, ಸುಮಿಯೆಗೂ. ಪಂದ್ಯ ಮುಗಿದ ವಾರದೊಳಗೇ ಆಸ್ಪತ್ರೆ ಸೇರಿದ. ಇನ್ನೊಂದು ಏಟು ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು ಎಂದು ಡಾಕ್ಟರು ಬೈದಿದ್ದರು. ಆ ಕಣ್ಣನ್ನೂ ಈ ಟವಲನ್ನೂ ಅವನು ಒಂದು ದಿನವೂ ಕೂಡಿಸಿ ನೋಡಿರಲಿಲ್ಲ. ಸಿಟ್ಟು ಬಿಟ್ಟಿದ್ದರೆ ತಾನೇ!

"ಗೊತ್ತಾದ್ಮೇಲೂ ನಿನ್ನ ಎಂಟನೇ ರೌಂಡಿಗೆ ಕಳಿಸಿದೆ," ಎಂದರು ಯಜಮಾನರು. "ಪಟ್ಟದ ಆಸೆ. ಒಂದು ನಿಮಿಷ ನಾನೂ ಕುರುಡಾದೆ. ಅಲ್ಲೇ ನಿಲ್ಲಿಸೋ ಧೈರ್ಯ ಇರ್ಲಿಲ್ಲ, ಅದಕ್ಕೇ ಪೇಪರಿನಲ್ಲಿ ಧೈರ್ಯ ಸಾಲಲಿಲ್ಲ ಅಂದಿದ್ದು. ಸುಳ್ಳಲ್ಲ."

"ಪೇಪರಿನೋರಿಗೆ ಕಣ್ಣು ಅಂತ ಹೇಳ್ಬಹುದಿತ್ತು! ನನಗಾದ್ರೂ ಹೇಳ್ಬಹುದಿತ್ತು!"

"ಕಣ್ಣು ಅಂತ ಬಾಯಿ ಬಿಟ್ಟಿದ್ರೆ ಅವತ್ತೇ ನಿನ್ನ ಲೈಸೆನ್ಸ್ ಹೋಗ್ತಿತ್ತು. ವಾಸಿ ಆದ್ರೆ ವಾಪಸ್ ಬರ್ತಾನೆ, ಆಗ ಹೇಳೋಣ ಅಂತ ಕಾದೆ. ನೀನು ಬರ್ಲಿಲ್ಲ. ನಾನೇ ಬರ್ಬಹುದಿತ್ತು. ಬರ್ಲಿಲ್ಲ. ನನಗೂ ಕೊಬ್ಬು."

ಶೋಜಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಐವತ್ತೈದರ ಮನುಷ್ಯ, ಹೇಗೆ ಅಳುತ್ತಿದ್ದೇನೆಂಬ ಪರಿವೆಯಿಲ್ಲದೆ ಅತ್ತ. ಚಿಝುರು ಪೆಟ್ಟಿಗೆಯಲ್ಲಿ ಏನನ್ನೋ ಹುಡುಕುವವಳಂತೆ ಆ ಕಡೆ ತಿರುಗಿದಳು.

"ಸಾಕು, ರಿಂಗ್ ಹತ್ತು," ಎಂದರು ಯಜಮಾನರು.

ಅವರು ಎದ್ದು ಬಂದು ಕೆಳಗಿನ ಹಗ್ಗದ ಮೇಲೆ ಕಾಲಿಟ್ಟು ತುಳಿದು, ಮೇಲಿನ ಹಗ್ಗವನ್ನು ಹೆಗಲಿನಿಂದ ಎತ್ತಿ ಹಿಡಿದರು, ಪ್ರತಿ ಪಂದ್ಯಕ್ಕೂ ಅವನಿಗೆ ದಾರಿ ಮಾಡುತ್ತಿದ್ದಂತೆ. ಅವರ ಕಾಲು ನಡುಗುತ್ತಿತ್ತು. ಶೋಜಿ ತಡಮಾಡದೆ ನುಸುಳಿದ.

ಅವನು ನಡುವೆ ನೆಟ್ಟಗೆ ನಿಂತ. ಯಜಮಾನರು ಮೇಜಿಗೆ ಮರಳಿ ಸುತ್ತಿಗೆ ಹಿಡಿದರು. ಒಂದು. ಎರಡು. ಪ್ರತಿ ಏಟಿಗೂ ಒಂದೊಂದು ಮುಖ ಕಣ್ಣ ಮುಂದೆ ಬಂತು. ಏಳನೆಯದಕ್ಕೆ ಗಂಜಿಯ ಪಾತ್ರೆ ಹಿಡಿದವಳು ಬಂದಳು. ಎಂಟು. ಒಂಬತ್ತು. ಸುತ್ತಿಗೆ ಮತ್ತೆ ಏಳುವಾಗ ತಲೆಯ ಮೇಲೆ ರೈಲು ಬಂತು. ಕಿಟಕಿ, ನೆಲ, ಹಗ್ಗ ಎಲ್ಲ ಅದುರಿದವು. ಸುತ್ತಿಗೆ ಗಂಟೆಗೆ ತಾಗಿದ್ದನ್ನು ಶೋಜಿ ಎರಡೂ ಕಣ್ಣಿಂದ ಸ್ಪಷ್ಟವಾಗಿ ನೋಡಿದ.

ರೈಲು ದಾಟಿತು.

"ಹತ್ತನೇದು ಕೇಳಿಸಿತೇನೋ?" ಎಂದು ಯಜಮಾನರು ಕೇಳಿದರು.

"ಇಲ್ಲ ಯಜಮಾನ್ರೇ."

ಮುದುಕ ಸುತ್ತಿಗೆ ಕೆಳಗಿಟ್ಟರು. ಗೋಡೆಯಿಂದ ಆ ಕಪ್ಪಾದ ಪಟ್ಟಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

"ಹಾಗಾದ್ರೆ ರೌಂಡ್ ಮುಗಿದಿಲ್ಲ. ನಾಳೆ ಮನೆಗೆ ಬಾ. ತೋಫು ಸ್ವಲ್ಪ ಮೆತ್ತಗಿರೋದು ತಾ, ನನಗೆ ಹಲ್ಲಿಲ್ಲ."